ನೀನಿದ್ದೀಯಲ್ಲ

ಆಫೀಸಿಗೆ ವಾಪಸ್ ಬಂದ ಮೊದಲ ದಿನ ಕ್ಯಾಂಟೀನಿನಲ್ಲಿ ಎಲ್ಲರೂ ಕೇಳಿದ್ದು ಹೆಚ್ಚುಕಮ್ಮಿ ನಾಲ್ಕೇ ಪ್ರಶ್ನೆ. ಭಯ ಆಗ್ಲಿಲ್ವಾ? ಸ್ನಾನ ಹೆಂಗೆ? ಶಾರ್ಕ್ ನೋಡಿದ್ಯಾ? ನಾಲ್ಕನೆಯದು ನಮ್ಮ ಟೀಮಿನ ಹೊಸ ಹುಡುಗನದು: “ರಾತ್ರಿ ಆಂಕರ್ ಹಾಕಿ ಮಲಗ್ತೀರಲ್ವಾ ಮೇಡಂ?”

ಮೊದಲ ಮೂರಕ್ಕೆ ಉತ್ತರ ಚಿಕ್ಕದು. ಆಯ್ತು. ಬಕೆಟ್ಟಿನಲ್ಲಿ ಉಪ್ಪುನೀರು, ಕೊನೆಗೆ ಒಂದು ಚೊಂಬು ಸಿಹಿನೀರು. ಇಲ್ಲ. ನಾಲ್ಕನೆಯದಕ್ಕೆ ಉಳಿದವರೆಲ್ಲ ನಕ್ಕರು, ಆದರೆ ಅಲ್ಲಿ ಕೇಳಿದ್ದರಲ್ಲಿ ಸರಿಯಾದ ಪ್ರಶ್ನೆ ಅದೊಂದೇ. ಅಟ್ಲಾಂಟಿಕ್ ನಡುವೆ ಸಮುದ್ರದ ಆಳ ನಾಲ್ಕೈದು ಕಿಲೋಮೀಟರ್. ಲಂಗರು ಎಲ್ಲಿಗೆ ತಾಗಬೇಕು? ಹಾಯಿದೋಣಿ ಹಗಲೂ ರಾತ್ರಿ ಹೋಗ್ತಾನೇ ಇರುತ್ತೆ. ಹಾಗಾಗಿ ಯಾರಾದರೂ ಒಬ್ಬರು ಯಾವಾಗಲೂ ಎಚ್ಚರ ಇರಲೇಬೇಕು. ಉಳಿದವರು ಮಲಗಬಹುದು, ಆ ಒಬ್ಬರ ಮೇಲೆ ನಂಬಿಕೆ ಇದ್ದರೆ.

ನಾನು ಆ ದೋಣಿ ಹತ್ತಿದಾಗ ನನಗೆ ಅದರ ಕ್ಯಾಪ್ಟನ್ ಮೇಲೆ ನಂಬಿಕೆ ಇರಲಿಲ್ಲ. ಕ್ಯಾಪ್ಟನ್ ನನ್ನ ಅಣ್ಣ.

ಅಣ್ಣ ಲಿಸ್ಬನ್ ಸೇರಿ ಇಪ್ಪತ್ತು ವರ್ಷವಾಯಿತು. ಅತ್ತಿಗೆ ಪೋರ್ಚುಗೀಸ್ ಹೆಣ್ಣುಮಗಳು. ಅವರಿಗೆ ಒಬ್ಬ ಮಗ, ಆಗ ಹದಿನೈದು. ಮನೆಯ ಸಾಲ ತೀರಿದ ವರ್ಷ ಅಣ್ಣ ಹನ್ನೆರಡು ಮೀಟರ್ ಉದ್ದದ ಒಂದು ಹಳೇ ಹಾಯಿದೋಣಿ ಕೊಂಡ. ದೋಣಿಯ ಹೆಸರು ಬದಲಾಯಿಸಿದರೆ ಅಪಶಕುನವಂತೆ. ಅದಕ್ಕೇ ಹಳೇ ಒಡೆಯ ಇಟ್ಟ ಹೆಸರೇ ಇದೆ, ಅದರ ಅರ್ಥ ನಮಗೆ ಯಾರಿಗೂ ಗೊತ್ತಿಲ್ಲ. ಎರಡು ಬೇಸಿಗೆ ನಾನು ಅಲ್ಲಿಗೆ ಹೋಗಿ ಹಗ್ಗ ಎಳೆಯೋದು, ಚುಕ್ಕಾಣಿ ಹಿಡಿಯೋದು ಕಲಿತಿದ್ದೆ. ಅದೆಲ್ಲ ಅಮ್ಮ ಇದ್ದಾಗಿನ ಮಾತು.

ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಕೊನೆಯ ಹನ್ನೊಂದು ರಾತ್ರಿ ನಾನು ಐಸಿಯು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕಳೆದೆ. ಅಪ್ಪನಿಗೆ ಮಂಡಿ ನೋವು, ಅಲ್ಲಿ ಕೂರಿಸೋ ಹಾಗಿರಲಿಲ್ಲ. ಅಣ್ಣ ದಿನಕ್ಕೆ ಎರಡು ಸಲ ವಿಡಿಯೋ ಕಾಲ್ ಮಾಡುತ್ತಿದ್ದ, ದುಡ್ಡು ಕಳಿಸಿದ, ರಿಪೋರ್ಟ್‌ಗಳನ್ನು ಅಲ್ಲಿನ ಡಾಕ್ಟರಿಗೆ ತೋರಿಸಿದ. ಬಂದಿದ್ದು ಮಾತ್ರ ಹನ್ನೆರಡನೇ ದಿನ. ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು. ನಾನು ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ. ಆಮೇಲೆ ಮೂರು ವರ್ಷ ನಮ್ಮ ಮಾತು ಅಂದರೆ ಅಪ್ಪನ ಬಿಪಿ, ಮನೆ ಟ್ಯಾಕ್ಸು, ಹಬ್ಬದ ದಿನ ಒಂದು ಫಾರ್ವರ್ಡ್ ಫೋಟೋ.

ಆಮೇಲೆ ಒಂದು ದಿನ ಮೆಸೇಜ್ ಬಂತು: “ಈ ನವೆಂಬರ್ ಆರ್ಕ್‌ಗೆ ಹೆಸರು ಕೊಟ್ಟಿದ್ದೀನಿ. ಒಬ್ಬರು ಕಮ್ಮಿ ಇದ್ದಾರೆ. ಬರ್ತೀಯಾ?”

ಆರ್ಕ್ ಅಂದರೆ ಅಟ್ಲಾಂಟಿಕ್ ರ‍್ಯಾಲಿ ಫಾರ್ ಕ್ರೂಸರ್ಸ್. ಜಿಮ್ಮಿ ಕಾರ್ನೆಲ್ ಅನ್ನುವವರು 1986ರಲ್ಲಿ ಶುರು ಮಾಡಿದ್ದು. ಪ್ರತಿ ನವೆಂಬರ್‌ನಲ್ಲಿ ಸ್ಪೇನಿನ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪಕ್ಕೆ ನೂರಾರು ದೋಣಿಗಳು ಒಟ್ಟಿಗೆ ಹೊರಡುತ್ತವೆ. ನೇರ ದಾರಿ ಹಿಡಿದರೆ 2700 ನಾಟಿಕಲ್ ಮೈಲಿ, ಅಂದರೆ ಸುಮಾರು 5000 ಕಿಲೋಮೀಟರ್. ರೇಸ್ ಮಾಡೋರೂ ಇರುತ್ತಾರೆ, ಆದರೆ ಹೆಚ್ಚಿನವರು ನಮ್ಮ ಥರದವರು: ಗಂಡ ಹೆಂಡತಿ, ಮಕ್ಕಳು, ಸ್ನೇಹಿತರು, ಜೊತೆಗೆ ಒಬ್ಬಿಬ್ಬರು ಕ್ರೂ. ಬೇಗ ತಲುಪೋದಕ್ಕಿಂತ ತಲುಪೋದೇ ಮುಖ್ಯ ಅನ್ನುವವರು.

ಹೋಗಲ್ಲ ಅಂತಲೇ ಇದ್ದೆ. ಅಪ್ಪ, “ಹೋಗಿ ಬಾರೇ, ಅವನೇ ಕರೆದಿದ್ದಾನೆ” ಅಂದರು. ಚಿಕ್ಕಮ್ಮ ಒಂದು ತಿಂಗಳು ಬಂದು ಅಪ್ಪನ ಜೊತೆ ಇರ್ತೀನಿ ಅಂದಳು. ಷೆಂಗೆನ್ ವೀಸಾ ಆಯ್ತು, ಆಫೀಸಿನಲ್ಲಿ ಉಳಿಸಿಟ್ಟಿದ್ದ ರಜೆಯೆಲ್ಲ ಆಯ್ತು. ಅವಲಕ್ಕಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ತುಂಬಿಕೊಂಡು ಲಾಸ್ ಪಾಲ್ಮಾಸ್‌ಗೆ ಹೋಗಿ ಇಳಿದೆ.

ಹೊರಡೋ ಮುಂಚಿನ ವಾರ ಒಂದು ಮದುವೆ ಮನೆ ಥರ. ಬಂದರಿನ ತುಂಬಾ ಬಾವುಟ, ಪ್ರತಿ ದೋಣಿ ಮುಂದೆ ಎಲೆಕೋಸು, ಮೊಟ್ಟೆ, ನೀರಿನ ಕ್ಯಾನು. ಸುರಕ್ಷತಾ ತಪಾಸಣೆಯವರು ಬಂದು ಜೀವರಕ್ಷಕ ತೆಪ್ಪ, ಜ್ವಾಲೆ ಸಿಗ್ನಲ್, ಲೈಫ್ ಜಾಕೆಟ್, ಎಲ್ಲದಕ್ಕೂ ಟಿಕ್ ಹಾಕಿ ಹೋದರು. ಅಣ್ಣನ ಮಗ ಒಂದು ವಿಷಯ ಕಂಡುಹಿಡಿದ. ಕೊಲಂಬಸ್ 1492ರಲ್ಲಿ ಇಂಡಿಯಾ ಹುಡುಕಿಕೊಂಡು ಪಶ್ಚಿಮಕ್ಕೆ ಹೊರಟಿದ್ದೂ ಇದೇ ಕ್ಯಾನರಿ ದ್ವೀಪಗಳಲ್ಲಿ ನಿಂತು. “ಅತ್ತೆ, ಅವ್ನಿಗೆ ಇಂಡಿಯಾ ಸಿಕ್ಲಿಲ್ಲ. ನಾವು ಇಂಡಿಯಾದಿಂದ್ಲೇ ಅತ್ತೇನ ಕರ್ಕೊಂಡು ಹೋಗ್ತಿದೀವಿ” ಅಂದ. ಅವನ ಕನ್ನಡ ಹೀಗೇ, ಅರ್ಧ ಅಣ್ಣನದು, ಅರ್ಧ ಯೂಟ್ಯೂಬಿನದು.

ಐದನೆಯವರು ಐರ್ಲೆಂಡಿನ ಒಬ್ಬ ನಿವೃತ್ತ ಎಲೆಕ್ಟ್ರಿಷಿಯನ್, ಮೂರನೇ ಸಲ ಅಟ್ಲಾಂಟಿಕ್ ದಾಟುತ್ತಿದ್ದವರು. ಎಲ್ಲರಿಗೂ ಗಂಟು ಹಾಕೋದು ಹೇಳಿಕೊಡುತ್ತಿದ್ದರು ಅಂತ ನಾನೂ ಅಣ್ಣನ ಮಗನೂ ಅವರಿಗೆ ಮೇಷ್ಟ್ರು ಅಂತ ಹೆಸರಿಟ್ಟೆವು.

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಹೊರಟೆವು. ಸಂಜೆ ನಾಲ್ಕಕ್ಕೆ ನಾನು ಬಕೆಟ್ ತಬ್ಬಿಕೊಂಡಿದ್ದೆ. ಮೂರು ದಿನ ಶುಂಠಿ, ಒಣ ಬಿಸ್ಕತ್ತು, ಇಷ್ಟೇ. ಆ ಮೂರು ದಿನದ ಬಗ್ಗೆ ಇನ್ನೇನೂ ಬರೆಯಲ್ಲ.

ನಾವಿಕರಲ್ಲಿ ಒಂದು ಹಳೇ ಮಾತಿದೆ: ಬೆಣ್ಣೆ ಕರಗೋ ತನಕ ದಕ್ಷಿಣಕ್ಕೆ ಹೋಗು, ಆಮೇಲೆ ಬಲಕ್ಕೆ ತಿರುಗು. ಅಂದರೆ ನೇರವಾಗಿ ಪಶ್ಚಿಮಕ್ಕೆ ಹೋಗದೆ ಮೊದಲು ಕೇಪ್ ವರ್ಡೆ ದ್ವೀಪಗಳ ಕಡೆ ಇಳಿದು, ಅಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ಹಿಡಿಯಬೇಕು. ನಮ್ಮ ಬೆಣ್ಣೆ ಎಂಟನೇ ದಿನ ಕರಗಿತು. ಅಷ್ಟರಲ್ಲಿ ಒಂದು ಗೊನೆ ಬಾಳೆಹಣ್ಣೂ ಒಂದೇ ದಿನ ಹಣ್ಣಾಗಿ ನಾವು ಮೂರು ಹೊತ್ತೂ ಬಾಳೆಹಣ್ಣಿನ ರಸಾಯನ ತಿಂದಿದ್ದೆವು. ಬೆಳಿಗ್ಗೆ ಎದ್ದರೆ ಡೆಕ್ ಮೇಲೆ ಹಾರುಮೀನು ಬಿದ್ದಿರುತ್ತಿದ್ದವು. ಗಾಳಿ ಬೆನ್ನಿಗೆ, ಬಿಸಿಲು ತಲೆಗೆ, ದಿನಕ್ಕೆ ಸುಮಾರು 140 ಮೈಲಿ.

ರಾತ್ರಿಯದ್ದು ಮೂರು ಮೂರು ಗಂಟೆಯ ಪಾಳಿ. ಆಟೋಪೈಲಟ್ ದಿಕ್ಕು ಹಿಡಿದಿರುತ್ತಿತ್ತು. ಪಾಳಿಯಲ್ಲಿ ಇರೋರು ಹಡಗು ಬರುತ್ತಿದೆಯಾ, ಮಳೆಮೋಡ ಕಟ್ಟುತ್ತಿದೆಯಾ, ಹಾಯಿ ಸರಿ ಇದೆಯಾ ಅಂತ ನೋಡಬೇಕು. ಪಾಳಿ ಬದಲಾಗುವಾಗ ಗಾಳಿ ಎಷ್ಟು, ದಿಕ್ಕು ಯಾವುದು, ಕಣ್ಣಿಗೆ ಕಂಡ ಹಡಗು ಎಲ್ಲಿದೆ, ಎಲ್ಲ ಹೇಳಿ ಒಪ್ಪಿಸಬೇಕು. ಆನ್‌ಕಾಲ್ ಮಾಡೋರಿಗೆ ಇದೇನೂ ಹೊಸದಲ್ಲ. ಒಪ್ಪಿಸಿದ ಮೇಲೆ ಒಂದೇ ನಿಯಮ ಅಂತ ಮೇಷ್ಟ್ರು ಹೇಳಿದ್ದರು: ಹೋಗಿ ಮಲಗು. ಎಚ್ಚರ ಇದ್ದು ಇನ್ನೊಬ್ಬರ ಕೆಲಸ ಕಾಯಬೇಡ, ನಿನ್ನ ಪಾಳಿ ಬಂದಾಗ ನೀನು ಕೆಲಸಕ್ಕೆ ಬರಲ್ಲ.

ನನಗೆ ಅದೇ ಕಷ್ಟವಾಗಿದ್ದು. ಅತ್ತಿಗೆ ಪಾಳಿಯಲ್ಲಿ ನಿದ್ದೆ ಬರುತ್ತಿತ್ತು. ಮೇಷ್ಟ್ರ ಪಾಳಿಯಲ್ಲಂತೂ ಗೊರಕೆ. ಅಣ್ಣನ ಪಾಳಿಯಲ್ಲಿ ಮಾತ್ರ ಕಣ್ಣು ಬಿಟ್ಟುಕೊಂಡು, ಹಲಗೆಯ ಆಚೆ ನೀರು ಹರಿಯೋ ಸದ್ದು ಕೇಳುತ್ತಾ ಮಲಗಿರುತ್ತಿದ್ದೆ. ದೋಣಿ ನಡೆಸೋದರಲ್ಲಿ ನಮ್ಮೆಲ್ಲರಿಗಿಂತ ಅವನೇ ಗಟ್ಟಿಗ. ಅದು ತಲೆಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ.

ಹನ್ನೊಂದನೇ ದಿನ ಆಟೋಪೈಲಟ್ ಕೆಟ್ಟಿತು. ಸುಟ್ಟ ವಾಸನೆ ಬಂತು, ದೋಣಿ ಗಾಳಿಗೆ ತಿರುಗಿತು, ಹಾಯಿಗಳೆಲ್ಲ ಪಟಪಟ ಅಂತ ಬಡಿದುಕೊಂಡವು. ಮೇಷ್ಟ್ರು ಅರ್ಧ ದಿನ ಮೋಟರ್ ಬಿಚ್ಚಿ ಕೂತರು. ಕೊನೆಗೆ ತಲೆ ಆಡಿಸಿದರು. ಇನ್ನೂ 1400 ಮೈಲಿ ಬಾಕಿ. ಇನ್ನು ಮುಂದೆ ಪ್ರತಿ ನಿಮಿಷವೂ ಯಾರಾದರೊಬ್ಬರ ಕೈ ಚುಕ್ಕಾಣಿ ಮೇಲೆ ಇರಬೇಕು.

“ಪಾಪ ಅದು. ಹತ್ತು ದಿನ ಹಗಲೂ ರಾತ್ರಿ ಕೆಲ್ಸ ಮಾಡ್ತು. ನಾವ್ಯಾರೂ ಥ್ಯಾಂಕ್ಸೂ ಹೇಳ್ಲಿಲ್ಲ” ಅಂದ ಅಣ್ಣನ ಮಗ.

ಪಾಳಿ ಮತ್ತೆ ಹಂಚಿದೆವು. ಅತ್ತಿಗೆ ಮತ್ತು ಮಗ ಒಂದು ಜೋಡಿ, ನಾನೂ ಅಣ್ಣನೂ ಇನ್ನೊಂದು, ಮೇಷ್ಟ್ರು ಎರಡಕ್ಕೂ ಆಸರೆ. ನಮ್ಮದು ರಾತ್ರಿ ಹನ್ನೆರಡರಿಂದ ನಾಲ್ಕು. ಒಬ್ಬರು ಅರ್ಧ ಗಂಟೆ ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಅಲ್ಲೇ ಪಕ್ಕದ ಬೆಂಚಿನಲ್ಲಿ, ಸೊಂಟಕ್ಕೆ ಕಟ್ಟಿದ ಸುರಕ್ಷತಾ ಪಟ್ಟಿ ಬಿಚ್ಚದೆ, ಕಣ್ಣು ಮುಚ್ಚಬಹುದು. ಮೂರು ವರ್ಷ ತಪ್ಪಿಸಿಕೊಂಡು ಓಡಾಡಿದ ಇಬ್ಬರಿಗೆ ದಿನಾ ನಾಲ್ಕು ಗಂಟೆ, ಕತ್ತಲು, ಎರಡು ಮೀಟರ್ ಅಂತರ.

ಹದಿಮೂರನೇ ರಾತ್ರಿ ಕೇಳಿಯೇಬಿಟ್ಟೆ. ಚುಕ್ಕಾಣಿ ನನ್ನ ಕೈಯಲ್ಲಿತ್ತು. ದಿಕ್ಸೂಚಿಯ ಕೆಂಪು ಬೆಳಕು ನೋಡುತ್ತಲೇ ಕೇಳಿದ್ದು, ಅವನ ಮುಖ ನೋಡಲಿಲ್ಲ.

“ಯಾಕೆ ಬರ್ಲಿಲ್ಲ ನೀನು?”

ಯಾವಾಗ ಅಂತ ಅವನು ಕೇಳಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, “ಎರಡು ಸಲ ಟಿಕೆಟ್ ತೆಗೆದೆ ಕಣೇ. ಎರಡು ಸಲಾನೂ ಕ್ಯಾನ್ಸಲ್ ಮಾಡ್ದೆ. ಅಮ್ಮನ್ನ ಹಾಗೆ ನೋಡೋಕೆ ಧೈರ್ಯ ಬರ್ಲಿಲ್ಲ” ಅಂದ. ಸ್ವಲ್ಪ ಬಿಟ್ಟು, “ನೀನಿದ್ದೀಯಲ್ಲ ಅಂದ್ಕೊಂಡೆ.”

ಆ ಕೊನೇ ಮಾತು ಕೇಳಿ ನನಗೆ ಎಷ್ಟು ಸಿಟ್ಟು ಬಂತು ಅಂದರೆ ದೋಣಿ ಹತ್ತು ಡಿಗ್ರಿ ತಿರುಗಿಹೋಯಿತು. ನೀನಿದ್ದೀಯಲ್ಲ! ಅಪ್ಪನ ಮಂಡಿಗೆ ನೀನಿದ್ದೀಯಲ್ಲ, ಅಮ್ಮನ ಮಾತ್ರೆಗೆ ನೀನಿದ್ದೀಯಲ್ಲ, ಗ್ಯಾಸ್ ಬುಕ್ ಮಾಡೋಕೆ, ಪೇಂಟರ್ ಕರೆಸೋಕೆ, ಸಹಿ ಹಾಕೋಕೆ, ಹನ್ನೊಂದು ರಾತ್ರಿ ಕೂರೋಕೆ. ಮನೆಗಳಲ್ಲಿ ಊರಲ್ಲೇ ಉಳಿದವರು ಆಟೋಪೈಲಟ್ ಆಗಿಬಿಡ್ತಾರೆ ನೋಡಿ. ಕೆಟ್ಟು ನಿಂತ ದಿನ ಮಾತ್ರ ಅಂಥದ್ದೊಂದು ಇತ್ತು ಅಂತ ಗೊತ್ತಾಗೋದು.

ಎರಡು ದಿನ ನಾನು ಅವನ ಜೊತೆ ಗಾಳಿ, ದಿಕ್ಕು ಬಿಟ್ಟು ಬೇರೆ ಮಾತಾಡಲಿಲ್ಲ. ಹನ್ನೆರಡು ಮೀಟರ್ ದೋಣಿಯಲ್ಲಿ ಮಾತು ಬಿಡೋದು ಸುಲಭವಲ್ಲ. ಕುಕ್ಕರ್ ಮುಚ್ಚಳ ಎಲ್ಲಿ ಅಂತ ಕೇಳೋಕೂ ಮಧ್ಯಸ್ಥರು ಬೇಕು. ಅತ್ತಿಗೆ ಏನೂ ಕೇಳಲಿಲ್ಲ. ಮಧ್ಯಾಹ್ನ ನನ್ನ ಪಕ್ಕ ಕೂತು ಈರುಳ್ಳಿ ಹೆಚ್ಚುತ್ತಾ, “ಆ ವಾರ ಅವನು ಅಡುಗೆಮನೆಯ ನೆಲದ ಮೇಲೆ ಮಲಗುತ್ತಿದ್ದ, ಫೋನ್ ಚಾರ್ಜರ್ ಅಲ್ಲಿತ್ತು ಅಂತ” ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದರು. ನಾನು ಉತ್ತರ ಕೊಡಲಿಲ್ಲ. ಅದು ನನಗೆ ಬೇಡದ ಮಾಹಿತಿಯಾಗಿತ್ತು.

ಹದಿನಾರನೇ ರಾತ್ರಿ, ಎರಡೂವರೆ ಇರಬಹುದು. ಚುಕ್ಕಾಣಿ ನನ್ನದು. ಅಣ್ಣ ಬೆಂಚಿನ ಮೇಲೆ ನಿದ್ದೆ ಹೋಗಿದ್ದ. ಹಿಂದಿನಿಂದ ಒಂದು ಮೋಡ ಬಂದಿದ್ದು ನನಗೆ ತಡವಾಗಿ ಕಂಡಿತು, ನಕ್ಷತ್ರಗಳು ಆರಿಹೋದ ಮೇಲೆ. ಗಾಳಿ ಒಮ್ಮೆಲೇ ಜೋರಾಯಿತು, ದಿಕ್ಕೂ ಬದಲಾಯಿತು. ಅಲೆಯೊಂದು ದೋಣಿಯ ಹಿಂಭಾಗ ಎತ್ತಿ ಪಕ್ಕಕ್ಕೆ ಎಸೆಯಿತು. ನಾನು ಚುಕ್ಕಾಣಿ ಬಲಕ್ಕೆ ತಿರುಗಿಸಬೇಕಿತ್ತು, ಎಡಕ್ಕೆ ತಿರುಗಿಸಿದೆ.

ಹಿಂದಿನಿಂದ ಗಾಳಿ ಇರುವಾಗ ದೊಡ್ಡ ಹಾಯಿಯ ತಪ್ಪು ಮಗ್ಗುಲಿಗೆ ಗಾಳಿ ಹೊಕ್ಕರೆ ಅದು ಒಂದೇ ಏಟಿಗೆ ಈ ಕಡೆಯಿಂದ ಆ ಕಡೆಗೆ ಹಾರುತ್ತದೆ. ಹಾಯಿಯ ಬುಡದಲ್ಲಿರೋ ಬೂಮ್ ಅನ್ನೋ ಅಲ್ಯೂಮಿನಿಯಂ ಕಂಬವೂ ಅದರ ಜೊತೆ ಹಾರುತ್ತದೆ. ಹಾಗಾಗಬಾರದು ಅಂತ ಬೂಮನ್ನು ಒಂದು ಹಗ್ಗದಲ್ಲಿ ಬಿಗಿದಿರುತ್ತೇವೆ. ಆ ಹಗ್ಗದ ಕೊಂಡಿ ಮುರಿಯಿತು. ಬಂದೂಕು ಹಾರಿದ ಹಾಗೆ ಸದ್ದು. ಬೂಮ್ ನಮ್ಮ ತಲೆಯ ಮೇಲಿಂದ ಹಾದುಹೋಗಿದ್ದು ನನಗೆ ಕಾಣಲಿಲ್ಲ, ಕೂದಲಿಗೆ ಗೊತ್ತಾಯಿತು. ಅಣ್ಣ ಆಗಷ್ಟೇ ಎದ್ದು ನಿಂತಿದ್ದರೆ? ಈಗಲೂ ಅದನ್ನು ಪೂರ್ತಿ ಯೋಚಿಸಲ್ಲ.

ಅವನು ಎದ್ದ. ಕಿರುಚಲಿಲ್ಲ. “ನಿಂಗೇನೂ ಆಗ್ಲಿಲ್ವಾ?” ಅಂದ. ಟಾರ್ಚ್ ಹಾಕಿ ಮೇಲೆ ನೋಡಿದ. ಮೇಷ್ಟ್ರೂ ಓಡಿ ಬಂದರು. ಹಾಯಿಯೊಳಗಿನ ಒಂದು ಪಟ್ಟಿ ಮುರಿದಿತ್ತು, ಬಟ್ಟೆ ಒಂದು ಮೊಳ ಹರಿದಿತ್ತು, ಕಂಬ ನೆಟ್ಟಗಿತ್ತು. ಇಬ್ಬರೂ ಸೇರಿ ಹಾಯಿ ಚಿಕ್ಕದು ಮಾಡಿ ಕಟ್ಟಿ, ಹೊಸ ಹಗ್ಗ ಬಿಗಿದರು. ಅಷ್ಟು ಹೊತ್ತೂ ನಾನು ಚುಕ್ಕಾಣಿ ಹಿಡಿದೇ ಇದ್ದೆ, ಕೈ ನಡುಗುತ್ತಿತ್ತು.

“ಸಾರಿ. ನೀನೇ ತಗೋ” ಅಂದೆ.

ಅಣ್ಣ ಗಡಿಯಾರ ನೋಡಿದ. “ಇನ್ನೂ ಹತ್ತು ನಿಮಿಷ ನಿಂದೇ.” ಮತ್ತೆ ಅದೇ ಬೆಂಚಿನ ಮೇಲೆ, ಅದೇ ಬೂಮಿನ ಕೆಳಗೆ ಮಲಗಿ, ಟೋಪಿ ಮುಖಕ್ಕೆ ಎಳೆದುಕೊಂಡ.

“ಅಯ್ಯೋ, ಮಲ್ಕೋತಿದ್ದೀಯಾ?”

ಟೋಪಿಯೊಳಗಿಂದ ಉತ್ತರ ಬಂತು. “ನೀನಿದ್ದೀಯಲ್ಲ.”

ಅದೇ ಮಾತು. ಲಿಸ್ಬನ್‌ನಲ್ಲಿ ಕೂತು ಅಂದುಕೊಂಡಾಗ ಅದು ತಪ್ಪಿಸಿಕೊಳ್ಳೋ ಮಾತಾಗಿತ್ತು. ಇಲ್ಲಿ, ಆಗಷ್ಟೇ ತಲೆ ಉಳಿಸಿಕೊಂಡವನು ಮತ್ತೆ ನನ್ನ ಕೈಗೆ ತಲೆ ಕೊಟ್ಟು ಹೇಳುತ್ತಿದ್ದ. ಎರಡೂ ಒಂದೇ ಮಾತು, ಅವನು ಎಲ್ಲಿದ್ದು ಹೇಳುತ್ತಿದ್ದಾನೆ ಅನ್ನೋದಷ್ಟೇ ವ್ಯತ್ಯಾಸ. ಐದೇ ನಿಮಿಷಕ್ಕೆ ಅವನ ಗೊರಕೆ ಶುರುವಾಯಿತು. ನನ್ನ ಸರದಿ ಬಂದಾಗ ನಾನೂ ಮಲಗಿದೆ. ಅವನ ಕೈಯಲ್ಲಿ ಚುಕ್ಕಾಣಿ ಇರುವಾಗ ನಾನು ನಿಜವಾಗಿ ನಿದ್ದೆ ಮಾಡಿದ್ದು ಅದೇ ಮೊದಲು.

ಇಪ್ಪತ್ತನೇ ದಿನ ಸಂಜೆಗತ್ತಲಲ್ಲಿ ಮೋಡದ ಕೆಳಗೆ ಮಸುಕು ಬೆಳಕು ಕಂಡಿತು. ಬಲಕ್ಕೆ ಮಾರ್ಟಿನಿಕ್, ಮುಂದೆ ಸೇಂಟ್ ಲೂಸಿಯಾ. ಗುರಿಯ ಗೆರೆ ಇರೋದು ದ್ವೀಪದ ಪಶ್ಚಿಮಕ್ಕೆ, ರಾಡ್ನಿ ಬೇ ಕೊಲ್ಲಿಯಲ್ಲಿ. ಅಂದರೆ ಉತ್ತರದ ತುದಿ ಸುತ್ತಿ, ಪಿಜನ್ ಐಲೆಂಡ್ ಪಕ್ಕ ಹಾದು ಒಳಗೆ ತಿರುಗಬೇಕು. ಇಡೀ ಸಾಗರ ಬೆನ್ನಿಗೆ ಗಾಳಿ ಹಾಕಿಕೊಂಡು ಬಂದವರು ಕೊನೆಯ ಒಂದೆರಡು ಮೈಲಿ ಎದುರುಗಾಳಿಗೆ ಹೋಗಬೇಕು! ಪರೀಕ್ಷೆಯಲ್ಲಿ ಕೊನೇ ಪ್ರಶ್ನೆ ಸಿಲಬಸ್ಸಿನ ಹೊರಗಿನದು ಕೊಟ್ಟ ಹಾಗೆ. ಹರಿದ ಹಾಯಿಯಲ್ಲಿ ಆ ಕಡೆ ಈ ಕಡೆ ತಿರುಗಿಸುತ್ತಾ ಎರಡು ಗಂಟೆ ಒದ್ದಾಡಿದೆವು. ಇಪ್ಪತ್ತು ದಿನ ಬರದ ನೆಲದ ವಾಸನೆ ಬಂದಿದ್ದು ತುದಿ ಸುತ್ತಿದ ಮೇಲೆ, ದ್ವೀಪದ ಮರೆಗೆ ಬಂದಾಗ. ಒದ್ದೆ ಮಣ್ಣು, ಸೌದೆ ಹೊಗೆ, ಎಲೆ. ನಮ್ಮ ಕರಾವಳಿಯ ಮಳೆ ನಿಂತ ಬೆಳಗಿನ ವಾಸನೆ.

ಗೆರೆ ದಾಟುವಾಗ ಚುಕ್ಕಾಣಿ ಯಾರು ಹಿಡೀಬೇಕು ಅಂತ ಚರ್ಚೆಯಾಯಿತು. ಅಣ್ಣನ ಮಗನಿಗೆ ಕೊಟ್ಟೆವು. ವಿಎಚ್‌ಎಫ್ ರೇಡಿಯೊದಲ್ಲಿ ಒಂದು ದನಿ ನಮ್ಮ ದೋಣಿಯ ಹೆಸರು ಹೇಳಿ ಅಭಿನಂದಿಸಿತು. ಬೆಳಗಿನ ಜಾವ 4 ಗಂಟೆ 45 ನಿಮಿಷ. 20 ದಿನ, 19 ಗಂಟೆ, 45 ನಿಮಿಷ. ಗೆರೆ ಅಂದರೆ ಒಂದು ತೇಲುಬುರುಡೆ, ಒಂದು ದೋಣಿ, ನಡುವೆ ಕತ್ತಲೆ ನೀರು. ದಾಟಿದ್ದು ಗೊತ್ತೂ ಆಗಲಿಲ್ಲ. ಅತ್ತಿಗೆ ಅತ್ತರು. ಮೇಷ್ಟ್ರು ಎಲ್ಲರ ಕೈ ಕುಲುಕಿದರು, ಆಫೀಸಿನ ಮೀಟಿಂಗ್ ಮುಗಿಸಿದ ಹಾಗೆ. ಅಣ್ಣ ಲಾಗ್‌ಬುಕ್ಕಿನಲ್ಲಿ ಸಮಯ ಬರೆದು, ಇಂಜಿನ್ ಓಡಿಸಿದ ಗಂಟೆಗಳನ್ನು ಕೂಡಿ 31 ಅಂತ ಬರೆದ. ಅದನ್ನು ನಾವೇ ಪ್ರಾಮಾಣಿಕವಾಗಿ ಘೋಷಿಸಬೇಕು. ಬಂದರಿನಲ್ಲಿ ಆ ಹೊತ್ತಿನಲ್ಲೂ ಯಾರೋ ಎದ್ದು ಬಂದು ಹಗ್ಗ ಹಿಡಿದರು, ರಮ್ ಪಂಚ್ ಕೊಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಅಕ್ಕಪಕ್ಕದ ದೋಣಿಯವರು ಹಾರ್ನ್ ಊದಿದರು.

ಹದಿನಾಲ್ಕು ಗಂಟೆ ಮಲಗಿದೆ. ಆದರೆ ಎರಡನೇ ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಎಚ್ಚರವಾಯಿತು. ಮೇಲೆ ಹತ್ತಿ ಬಂದರೆ ಅಣ್ಣನೂ ಕೂತಿದ್ದ. ದೋಣಿಯನ್ನು ನಾಲ್ಕು ಹಗ್ಗದಲ್ಲಿ ದಕ್ಕೆಗೆ ಕಟ್ಟಿತ್ತು, ಕಾಯೋದಕ್ಕೆ ಏನೂ ಇರಲಿಲ್ಲ. ಅವನು ಫೋನಿನಲ್ಲಿ ನಕ್ಷೆ ತೋರಿಸಿದ. “ಇಲ್ನೋಡು. ಈ ಕೊಲ್ಲಿ 14 ಡಿಗ್ರಿ ಉತ್ತರದಲ್ಲಿದೆ. ಇದೇ ಗೆರೆ ಹಿಡಿದು ಭೂಮಿ ಸುತ್ತಿ ಹೋದ್ರೆ ಹೆಚ್ಚುಕಮ್ಮಿ ಮುರುಡೇಶ್ವರ.” ಮುರುಡೇಶ್ವರದ ಪಕ್ಕದ ಹಳ್ಳಿ ಅಮ್ಮನ ತವರು. ನಾವಿಬ್ಬರೂ ಬೇಸಿಗೆ ರಜೆಯಲ್ಲಿ ಸಮುದ್ರ ಮೊದಲು ನೋಡಿದ್ದು ಅಲ್ಲೇ. ಮಾತಿಲ್ಲದೆ ಕೂತೆವು. ಅವನು ಅತ್ತ ಅಂತ ಅನಿಸಿತು. ಕತ್ತಲಿತ್ತು, ನಾನು ಖಾತ್ರಿ ಮಾಡಿಕೊಳ್ಳೋಕೆ ಹೋಗಲಿಲ್ಲ.

ಮರುದಿನ ಎಲ್ಲರೂ ರಾಜಧಾನಿ ಕ್ಯಾಸ್ಟ್ರೀಸ್‌ನ ಮಾರುಕಟ್ಟೆಗೆ ಹೋದೆವು. ಅಲ್ಲಿ ರಾಶಿ ಹಾಕಿದ್ದರು ನೋಡಿ, ದೀವಿಹಲಸು, ನಮ್ಮ ಕಡೆ ಜೀಗುಜ್ಜೆ ಅನ್ನೋದು. ಗುಲಾಮರಿಗೆ ಅಗ್ಗದ ಊಟವಾಗಲಿ ಅಂತ ಕ್ಯಾಪ್ಟನ್ ಬ್ಲೈ 1793ರಲ್ಲಿ ಪೆಸಿಫಿಕ್ ದ್ವೀಪಗಳಿಂದ ಇದರ ಸಸಿಗಳನ್ನು ಹಡಗಿನಲ್ಲಿ ತಂದು ವೆಸ್ಟ್ ಇಂಡೀಸ್‌ನಲ್ಲಿ ಇಳಿಸಿದ. ಈಗ ಅದು ಇಲ್ಲಿನವರ ಮನೆಯೂಟ. ಕೆಂಡದಲ್ಲಿ ಸುಟ್ಟು ತಿನ್ನುತ್ತಾರೆ. ನಾವು ಎರಡು ಕೊಂಡು ತಂದೆವು. ಅಣ್ಣ ಅಮ್ಮ ಮಾಡುತ್ತಿದ್ದ ಹಾಗೆ ತೆಳ್ಳಗೆ ಹೆಚ್ಚಿ, ಅಕ್ಕಿಹಿಟ್ಟು, ಮೆಣಸಿನಪುಡಿ ಸವರಿ ಕಾವಲಿ ಮೇಲೆ ಹುರಿದ. ಉಪ್ಪು ಜಾಸ್ತಿಯಾಗಿತ್ತು. ಮೇಷ್ಟ್ರು ಮೂರು ಸಲ ಹಾಕಿಸಿಕೊಂಡರು.

ಇದನ್ನೆಲ್ಲ ಬರೆದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಆ ಹನ್ನೊಂದು ರಾತ್ರಿ ನಾನೊಬ್ಬಳೇ ಕೂತಿದ್ದೆ, ಅದು ಹಾಗೇ ಇದೆ. ಅವನಿಗೂ ಅದು ಗೊತ್ತಿದೆ. ಈಗ ಅದರ ಬಗ್ಗೆ ಮಾತಾಡಬಹುದು, ಅಷ್ಟೇ.

ಹೋದ ತಿಂಗಳು ಅಪ್ಪನ ಮಂಡಿ ಆಪರೇಷನ್ ದಿನ ಗೊತ್ತಾಯಿತು. ಅಣ್ಣನಿಗೆ ಹೇಳಿದೆ, ಹೇಳೋದಷ್ಟೇ ನನ್ನ ಕೆಲಸ ಅಂತ. ರಾತ್ರಿ ಅವನಿಂದ ಟಿಕೆಟ್ಟಿನ ಸ್ಕ್ರೀನ್‌ಶಾಟ್ ಬಂತು. ಆರು ವಾರ. ಕೆಳಗೆ ಎರಡೇ ಸಾಲು.

“ರಾತ್ರಿ ಪಾಳಿ ನಂದು. ನೀನು ಮಲ್ಕೋ.”

ಟಿಕೆಟ್ ಕ್ಯಾನ್ಸಲ್ ಮಾಡಬಹುದಾದದ್ದಾ ಅಂತ ಕಣ್ಣು ತಾನಾಗಿಯೇ ಹುಡುಕಿತು. ಆಮೇಲೆ ಫೋನ್ ಆಚೆ ಇಟ್ಟು ಮಲಗಿದೆ.